ಕಾರ್ಪೆಟ್ ಎತ್ತಿ ನೋಡುವ ಹನಮವ್ವ

ಬೆಳಗಿನ ಆರು ಗಂಟೆ. ಗದಗಿನ ಧೀರೇಂದ್ರ ಅವರ ಮನೆಯಂಗಳದಲ್ಲಿ ಬೆಟಗೇರಿಯ ಹನಮವ್ವ ನಿಂತಲ್ಲಿ ನಿಲ್ಲುತ್ತಿಲ್ಲ. ಎದುರಿಗೆ ಐವತ್ತು ವರ್ಷ ದಾಟಿದ, ಎರಡೇ ಸೀಟಿನ, ಕೆಂಪು ಬಣ್ಣದ ವಿಲಾಯತಿ ಸ್ಪೋರ್ಟ್ಸ್ ಕಾರು. ಅದಕ್ಕೊಂದು ಸುತ್ತು ಹಾಕುತ್ತಾರೆ, ಬಾನೆಟ್ ಮೇಲೆ ಅಂಗೈ ಇಡುತ್ತಾರೆ, ಮತ್ತೆ ಇನ್ನೊಂದು ಸುತ್ತು.

"ತಣ್ಣಗೈತಿ. ಆತು, ಈಗ ಚಾಲೂ ಮಾಡ್ರಿ," ಎನ್ನುತ್ತಾರೆ. ಮಾರುವವರು ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅದರ ರೋಗ ಗೊತ್ತಾಗುವುದಿಲ್ಲ. ಅದಕ್ಕೇ ಈ ಅವಸರದ ಹೆಂಗಸು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಬಂದು ಬಾಗಿಲು ಬಡಿಯುತ್ತಾರೆ.

ಎರಡನೇ ಸಲಕ್ಕೆ ಎಂಜಿನ್ ಗುಡುಗುತ್ತದೆ. ಕಾರು ಕೊಳ್ಳುವ ಮುಂಚೆ ನೋಡಿ ಹೇಳಲು ಹನಮವ್ವನನ್ನು ಕರೆಸಿದ, ಮುಂಡರಗಿಯ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ಶಾಂಭವಿ ಅವರ ಮುಖ ಅರಳುತ್ತದೆ. ಹನ್ನೊಂದು ವರ್ಷ ಸ್ಕೂಟರಿನಲ್ಲಿ ಶಾಲೆಗೆ ಓಡಾಡಿ, ಬರೀ ಖುಷಿಗಾಗಿ ಒಂದು ವಸ್ತು ಕೊಳ್ಳಬೇಕೆಂದು ದುಡ್ಡು ಕೂಡಿಟ್ಟವರು. ಧೀರೇಂದ್ರ ಕೇಳುತ್ತಿರುವುದು ಒಂದು ಲಕ್ಷ ಎಂಬತ್ತು ಸಾವಿರ. ಇಂಥ ಕಾರಿಗೆ ಇಷ್ಟೇ ಬೆಲೆ ಎಂದಾಗ ಅನುಮಾನ ಬರಬೇಕು, ಶಾಂಭವಿಯವರಿಗೆ ಬಂದಿದ್ದು ಆಸೆ. ಹತ್ತು ಗಂಟೆಗೆ ಇನ್ನೊಬ್ಬ ಗಿರಾಕಿ ಬರುವವರಿದ್ದಾರೆ. ಅಷ್ಟರೊಳಗೆ ಹನಮವ್ವ ಹೂಂ ಅಥವಾ ಊಹೂಂ ಅನ್ನಬೇಕು.

ಹನಮವ್ವ ಮೆಕ್ಯಾನಿಕ್ ಅಲ್ಲ, ಕಾರು ಓಡಿಸಲೂ ಬಾರದು. ನೇಕಾರರ ಮಗಳು. ಮನೆಯ ಮಗ್ಗ ನಿಂತಾಗ ಸೂಜಿ ಹಿಡಿದು, ಮೂವತ್ತು ವರ್ಷದಿಂದ ಬೆಟಗೇರಿಯಲ್ಲಿ ಕುಶನ್ ಅಂಗಡಿ ನಡೆಸುತ್ತಿದ್ದಾರೆ. ದಿನಕ್ಕೆ ಎರಡು ಕಾರ್ ಸೀಟು, ಇಲ್ಲವೇ ನಾಲ್ಕು ಟ್ರ್ಯಾಕ್ಟರ್ ಸೀಟು. ಜೊತೆಗೆ ತಿಂಗಳಿಗೆ ಎರಡು ಮೂರು ಸಲ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಹಳೆ ಕಾರು ನೋಡಲು ಕರೆ ಬರುತ್ತದೆ. ಅದಕ್ಕೆ ಚಹಾ ಮತ್ತು ಬಸ್ ಚಾರ್ಜು ಬಿಟ್ಟರೆ ಏನೂ ಮುಟ್ಟುವುದಿಲ್ಲ. ಹೋದ ವರ್ಷ ನೋಡಿದ ಇಪ್ಪತ್ತಾರರಲ್ಲಿ ಹತ್ತೊಂಬತ್ತಕ್ಕೆ ಬೇಡ ಅಂದಿದ್ದಾರೆ.

"ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ಹಳೇ ಗಾಡಿ ಮಾರಾಕ ಅಷ್ಟೂ ಸಾಲೂದಿಲ್ರಿ," ಎಂದು ನಗುತ್ತಾರೆ. "ಎಂಜಿನ್ ಕೆಟ್ರ ಇಳಿಸಿ ರಿಪೇರಿ ಮಾಡಬಹುದು. ತಳಾ ತುಕ್ಕು ಹಿಡದ್ರ ಗಾಡಿನs ಇಲ್ಲ. ಕಾರ್ಪೆಟ್ ಎತ್ತಿ ನೋಡಾವ್ರು ಯಾರದಾರ?"

ಮಾತಾಡುತ್ತಲೇ ಹಳೆ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಅಂಚಿಗೆ ಹಿಡಿಯುತ್ತಾರೆ. ತುಕ್ಕು ಮುಚ್ಚಲು ಪುಟ್ಟಿ ಮೆತ್ತಿದ ಕಡೆ ಅದು ಅಂಟುವುದಿಲ್ಲ. ಇಲ್ಲಿ ಎಲ್ಲ ಕಡೆಯೂ ಗಟ್ಟಿಯಾಗಿ ಅಂಟುತ್ತದೆ. ಹನಮವ್ವನ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನ್ನ ಕಡೆ ನೋಡಿ ಶಾಂಭವಿ ಕಣ್ಣರಳಿಸುತ್ತಾರೆ.

"ಸೀಟು, ಕಾರ್ಪೆಟ್ ಎಲ್ಲಾ ಕಂಪನೀದ ಅದರೀ. ನಾ ತಗೊಳ್ಳುವಾಗ ಹಂಗ ಹೇಳಿದ್ರು," ಎನ್ನುತ್ತಾರೆ ಧೀರೇಂದ್ರ.

ಸೀಟಿನ ಮೂಲೆ ಸವರುತ್ತಿದ್ದ ಹನಮವ್ವನ ಬೆರಳು ನಿಲ್ಲುತ್ತದೆ. ಮೂಲೆಯಲ್ಲಿ ಮೂರು ಸಲ ಮಡಿಚಿ ಹಾಕಿದ ಜೋಡಿ ಹೊಲಿಗೆ. ತಟ್ಟನೆ ಎದ್ದು ಗೇಟಿನವರೆಗೆ ಹೋಗುತ್ತಾರೆ, ತಿರುಗಿ ಬರುತ್ತಾರೆ, ಮತ್ತೆ ಹೋಗುತ್ತಾರೆ. ಕೊನೆಗೆ ಕೂತು ಕಾರ್ಪೆಟ್ ಎತ್ತುತ್ತಾರೆ. ಕೆಳಗೆ ಕಪ್ಪಾಗಿ ಒದ್ದೆಯಾದ ಗೋಣಿತಟ್ಟು. ಅದನ್ನು ಸರಿಸಿ ಸ್ಕ್ರೂಡ್ರೈವರ್ ಊರಿದರೆ ತಗಡು ಹಪ್ಪಳದಂತೆ ಮುರಿದು, ತೂತಿನಲ್ಲಿ ಅಂಗಳದ ನೆಲ ಕಾಣುತ್ತದೆ.

ತಳ ಹೋಗಿದೆ ಎಂದಷ್ಟೇ ಹೇಳಿ ಎದ್ದುಬಿಡಬಹುದಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಅಕ್ಕೋರ, ಈ ಹೊಲಿಗಿ ನಂದು. ಈ ಗೋಣಿ ಹಾಸಿದಾಕಿನೂ ನಾನs," ಎನ್ನುತ್ತಾರೆ. "ಇಪ್ಪತ್ತೆರಡು ವರ್ಷ ಆತು. ಅವಾಗ ಗಾಡಿ ಹಸರ ಬಣ್ಣದ್ದಿತ್ತು, ಗುರ್ತ ಸಿಗಲಿಲ್ಲ. ಸಪ್ಪಳ ಕಡಿಮಿ ಆಗ್ಲಿ ಅಂತ ಬಜಾರದಾಗ ಉಪ್ಪಿನ ಖಾಲಿ ಚೀಲ ಸೋವಿ ಸಿಕ್ಕಿದ್ವು, ಕತ್ತರಿಸಿ ಹಾಸಿದೆ. ಉಪ್ಪು ಗಾಳ್ಯಾಗಿನ ನೀರು ಎಳಕೊಂಡು ಕಬ್ಬಿಣಾ ತಿಂತೈತಿ ಅಂತ ತಿಳೀಲಿಲ್ರಿ. ಸಾಹೇಬ್ರದೇನೂ ತಪ್ಪಿಲ್ಲ."

ಶಾಂಭವಿಯವರ ಕಣ್ಣು ತುಂಬುತ್ತದೆ. "ಹೊಸಾ ತಳಾ ಹಾಕಿಸಿದ್ರ?" ಎಂದು ಕೇಳುತ್ತಾರೆ.

"ಗಾಡಿ ರೇಟಿಗಿಂತ ಜಾಸ್ತಿ ಆಕ್ಕೈತಿ. ಹಂಗs ಓಡಿಸಿದ್ರ ಸೀಟ್ ಸಮೇತ ರಸ್ತಾದ ಮ್ಯಾಲ ಬೀಳ್ತೀರಿ. ಬ್ಯಾಡ್ರಿ ಅಕ್ಕೋರ, ನನ್ನ ಮಾತು ಕೇಳ್ರಿ."

ಧೀರೇಂದ್ರ ಒಳಗೆ ಹೋಗಿ ಹತ್ತು ಗಂಟೆಯ ಗಿರಾಕಿಗೆ ಫೋನ್ ಮಾಡಿ ಬರಬೇಡಿ ಅನ್ನುತ್ತಾರೆ. ಶಾಂಭವಿ ಸ್ಕೂಟರ್ ಹತ್ತುವ ಮುನ್ನ ಹನಮವ್ವನ ಎರಡೂ ಕೈ ಹಿಡಿದುಕೊಳ್ಳುತ್ತಾರೆ.

ವಾಪಸು ಬರುವಾಗ ಆಟೋದಲ್ಲಿ ಹನಮವ್ವ ಎದುರಿಗೆ ಬರುವ ಒಂದೊಂದು ಹಳೆ ಕಾರನ್ನೂ ಕತ್ತು ಹೊರಳಿಸಿ ನೋಡುತ್ತಾರೆ. ಇಷ್ಟೆಲ್ಲ ಪುಕ್ಕಟೆ ತಿರುಗಾಟ ಯಾತಕ್ಕೆ ಎಂದು ಕೇಳುತ್ತೇನೆ.

"ಆ ವರ್ಷ ಐದು ಗಾಡಿಗೆ ಉಪ್ಪಿನ ಚೀಲ ಹಾಸೇನ್ರಿ. ಹುಡುಕಿ ಹುಡುಕಿ ಮೂರು ಸಿಕ್ಕಿದ್ವು, ಇವತ್ತಿಗೆ ನಾಕು. ಇನ್ನೊಂದರಾಗ ಯಾರು ಕುಂತು ಹೊಂಟಾರೋ ಏನೋ. ಅದೊಂದು ಸಿಕ್ಕಬಿಟ್ರ ಸಾಕು ನನಗ."