ಅಜ್ಜಾರು ಹೊರಟಾಗ ಬಂದ ಸೀನು

ನಾನು ಚಿಕ್ಕವಳಿದ್ದಾಗ ನಮ್ಮ ಬ್ಯಾಡಗಿಯಲ್ಲಿ ಸೀನಿಗೆ ಯಾರೂ ಹೆದರುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಹೊರಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಅಪಶಕುನ. ನಮ್ಮಲ್ಲಿ ಸುಗ್ಗಿ ಬಂತೆಂದರೆ ಕೆಂಪು ಮೆಣಸಿನಕಾಯಿಯ ಘಾಟು ಓಣಿ ಓಣಿಗೂ ನುಗ್ಗುತ್ತಿತ್ತು. ನನ್ನ ಕಾನ್ವೆಂಟ್ ಯೂನಿಫಾರ್ಮ್, ಟಿಫಿನ್ ಬಾಕ್ಸ್, ಕೊನೆಗೆ ತಲೆದಿಂಬಿಗೂ ಅದೇ ವಾಸನೆ. ಶಕುನ ನೋಡುತ್ತ ಕುಳಿತರೆ ಒಂದು ಬಸ್ಸೂ ಊರು ಬಿಡುತ್ತಿರಲಿಲ್ಲ.

ಆದರೆ ಆ ದಿನ ಹೆದರಿದೆವು. ದೂರದ ಪಟ್ಟಣವೊಂದರಲ್ಲಿ ಹಿಂದೂ ಮುಸ್ಲಿಮರ ನಡುವೆ ಗಲಾಟೆಯಾಗಿ ಕರ್ಫ್ಯೂ ಹಾಕಿದ್ದರು. ಅದು ಸಡಿಲವಾದ ಕೂಡಲೇ ಅಲ್ಲಿಗೆ ಹೋಗಿ ಎರಡೂ ಕಡೆಯವರನ್ನು ಕೂಡಿಸುತ್ತೇನೆಂದು ನಮ್ಮ ಮಠದ ಸ್ವಾಮಿಗಳು ಹೊರಟಿದ್ದರು. ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ಜೀಪು ನಮ್ಮದು, ಓಡಿಸುವವನು ಅಪ್ಪ.

ಬೆಳಿಗ್ಗೆ ಓಣಿಯೆಲ್ಲ ಜೀಪಿನ ಸುತ್ತ ನೆರೆದಿತ್ತು. ಅಪ್ಪ ಸ್ಟಾರ್ಟ್ ಮಾಡಿದ. ಅದೇ ಹೊತ್ತಿಗೆ ಪಕ್ಕದ ಮನೆಯ ಚಾಚಾ ಜೋರಾಗಿ ಸೀನಿದರು. ಮಾರುಕಟ್ಟೆಯ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಹೊಲಿಯುವವರು ಅವರು. ಬಂದದ್ದು ಒಂದೇ ಒಂದು ಸೀನು.

ಯಾರೂ ನಗಲಿಲ್ಲ. "ಇವತ್ತ ಬ್ಯಾಡ್ರಿ ಅಜ್ಜಾರ," ಎಂದರು ಒಬ್ಬರು. ಹಿಂದಿನಿಂದ ಇನ್ನೊಬ್ಬರು, "ಸೀನಿದಾಂವ ಯಾಂವ ನೋಡ್ರಿ ಮೊದ್ಲ," ಎಂದರು. ದಿನಾ ಚಾಚಾರ ಜೊತೆ ಚಹಾ ಕುಡಿಯುವವರೇ ಅವರನ್ನು ಹೊಸಬರಂತೆ ನೋಡಿದರು. ಚಾಚಾ ಮೂಗಿಗೆ ಹಿಡಿದ ಟವೆಲ್ ತೆಗೆಯಲೇ ಇಲ್ಲ.

ಸ್ವಾಮಿಗಳು ಜೀಪಿನಿಂದ ಇಳಿದರು. "ಒಂಟಿ ಸೀನಿಗೆ ಶಾಸ್ತ್ರ ಏನೈತಿ ತಂಗಿ?" ಎಂದು ಅವ್ವನನ್ನು ಕೇಳಿದರು.

"ಕುಂತು, ನೀರ ಕುಡದು, ಮತ್ತ ಹೊರಡಬೇಕ್ರಿ."

"ಹಂಗಾರ ಕುಡಿಯೂಣು. ಯಾರು ಸೀನ್ಯಾರೋ ಅವರ ಮನಿ ನೀರ ಬರ್ಲಿ."

ಹೀಗೆಂದವರೇ ನೇರವಾಗಿ ಚಾಚಾರ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮಠದ ನೀರಲ್ಲದೆ ಬೇರೆ ನೀರು ಮುಟ್ಟದವರು!

"ನಮ್ಮ ಮನಿ ನೀರೇನ್ರಿ ಅಜ್ಜಾರ?" ಚಾಚಾ ತೊದಲಿದರು.

"ಯಾಕಪಾ, ಅದಕ್ಕೂ ಘಾಟ ಐತೇನು?"

ಮೊದಲು ನಕ್ಕವಳು ಅವ್ವ. ಚಾಚಿ ತಲೆಯ ಮೇಲೆ ಸೆರಗೆಳೆದುಕೊಂಡು ತಾಮ್ರದ ತಂಬಿಗೆ ತಂದರು. ಸ್ವಾಮಿಗಳು ತಳ ಕಾಣುವವರೆಗೂ ಕುಡಿದರು. "ಖುದಾ ಹಾಫಿಜ್ ರೀ ಅಜ್ಜಾರ," ಎಂದರು ಚಾಚಿ. "ಬರ್ತೀವವ್ವಾ," ಎಂದು ಸ್ವಾಮಿಗಳು ಜೀಪು ಹತ್ತಿದರು.

ಅಂದು ಶಾಲೆಯ ಅಸೆಂಬ್ಲಿಯಲ್ಲಿ ಸಿಸ್ಟರ್, "ಸೈಲೆಂಟ್ ಪ್ರೇಯರ್. ನಿಮ್ಮ ನಿಮ್ಮ ಮನೆಯಲ್ಲಿ ಕಲಿತ ಹಾಗೆ," ಎಂದರು. ಕಣ್ಣು ಮುಚ್ಚಿದರೆ ನನಗೆ ಜೀಪೇ ಕಾಣುತ್ತಿತ್ತು. ಸ್ವಾಮಿಗಳನ್ನು ಬಿಟ್ಟು ಬರೀ ಅಪ್ಪನಿಗಾಗಿ ಬೇಡಿಕೊಳ್ಳುತ್ತಿದ್ದೇನಲ್ಲ ಎಂದು ಗಾಬರಿಯಾಯಿತು. ಪಕ್ಕದಲ್ಲಿ ಅಂಗೈ ತೆರೆದು ನಿಂತಿದ್ದ ಚಾಚಾರ ಮಗಳ ಕಿವಿಯಲ್ಲಿ ಹೇಳಿದೆ. ಅವಳು ಪಿಸುಗುಟ್ಟಿದಳು: "ನೀ ನಿಮ್ಮಪ್ಪಗ ಕೇಳ್ಕೋ. ಅಜ್ಜಾರನ್ನ ನಾ ನೋಡ್ಕೋತೀನಿ."

ಮರುದಿನ ಸಂಜೆ ಜೀಪು ಬಂತು. ಮುಂದಿನ ಗಾಜಿಗೆ ಕಲ್ಲು ಬಿದ್ದು ಬಿರುಕು ಬಿಟ್ಟಿತ್ತು. ಅಜ್ಜಾರು ಕ್ಷೇಮವಾಗಿ ಮಠ ಸೇರಿದರೆಂದ ಅಪ್ಪ. ನಮಗಿಂತ ಮೊದಲು ಓಡಿಹೋಗಿ ಅಪ್ಪನನ್ನು ತಬ್ಬಿಕೊಂಡವರು ಚಾಚಾ.

"ಆ ಮಂದಿ ಮಾತಾಡಿದ್ರೇನು?" ಅವ್ವ ಕೇಳಿದಳು.

"ಮಾತು ಇನ್ನೂ ಆಗಿಲ್ಲ. ಆದ್ರ ಒಂದ ಜಮಖಾನಿ ಮ್ಯಾಲೆ ಕುಂತಾರ," ಎಂದ ಅಪ್ಪ.

ಈಗ ನಿಮ್ಮಪ್ಪ ಊರಿಗೆ ಹೊರಟರೆ ಕಾರು ಎಲ್ಲಿದೆಯೆಂದು ಮೊಬೈಲಿನ ಮ್ಯಾಪಿನಲ್ಲಿ ನೋಡುತ್ತೀರಿ, ಮಕ್ಕಳೇ. ಒಳ್ಳೆಯದೇ. ನಮಗೆ ದಾರಿ ಕಾಣುತ್ತಿರಲಿಲ್ಲ, ಆದರೆ ನಮ್ಮ ಜೊತೆಗೆ ಪಕ್ಕದ ಮನೆಯವರೂ ಬಾಗಿಲಲ್ಲಿ ನಿಂತು ಕಾದಿದ್ದರು. ಮೊನ್ನೆ ಎದುರು ಫ್ಲಾಟಿನ ಆಂಟಿ ಸೂಟ್‌ಕೇಸ್ ಹಿಡಿದು ಲಿಫ್ಟ್ ಇಳಿದರಲ್ಲ, ಕ್ಷೇಮವಾಗಿ ತಲುಪಿದರಂತಾ? ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಏಳಿ, ಅವರ ಮನೆಯ ಬೆಲ್ ಒತ್ತಿ ಮನೆಯವರನ್ನು ಕೇಳಿಕೊಂಡು ಬರೋಣ.