ಸಣ್ಣ ಅಳತೆಯ ಬೂಟು

ಜಹೀರಾಬಾದಿನ ಟ್ರ್ಯಾಕ್ಟರ್ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತೇನೆ. ಹೋದ ವರ್ಷ ಮೊದಲ ಸಲ ಮಷೀನ್ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತಗೊಂಡರು. ಸ್ಟೋರಿನಲ್ಲಿದ್ದ ಸೇಫ್ಟಿ ಬೂಟುಗಳೆಲ್ಲ ಗಂಡಸರ ಅಳತೆಯವು. ನ್ಯಾಲ್ಕಲ್ ಕಡೆಯ ಸುನೀತಾ ಹಾಕಿಕೊಂಡು ನಡೆದರೆ ಹಿಮ್ಮಡಿ ಹೊರಗೇ ಬರುತ್ತಿತ್ತು.

"ಮುಂದ ಅರಿವಿ ತುರುಕ್ರಿ, ನಡೀತದ," ಅಂದೆ.

"ನಾ ಎಡವಿ ಬಿದ್ರ, ಹೆಣ್ಮಕ್ಕಳ ಕೈಲಿ ಮಷೀನ್ ಆಗಂಗಿಲ್ಲ ಅಂತ ನೀವೇ ಅಂತೀರಿ. ಬೂಟ್ ಬದ್ಲಿ ಮಾಡ್ರಿ, ಅಣ್ಣಾ."

ಮ್ಯಾನೇಜರ್ ಗೊಣಗುತ್ತಲೇ ಸಣ್ಣ ಅಳತೆಯವು ತರಿಸಿದರು. ಹಾಕಿಕೊಂಡವಳೇ ಸೀದಾ ಹೋಗಿ ಮಷೀನ್ ಚಾಲೂ ಮಾಡಿದಳು.

ಅದೇ ಪೆಟ್ಟಿಗೆಯಿಂದ ನಾನೂ ಒಂದು ಜೋಡಿ ತಗೊಂಡೆ. ನನ್ನದೂ ಸಣ್ಣ ಪಾದ; ಇಷ್ಟು ವರ್ಷ ಅರಿವೆ ತುರುಕಿಕೊಂಡೇ ಓಡಾಡಿದ್ದೆ. ಈಗ ಯಾರಾದರೂ ನಕ್ಕರೆ, "ಹೌದ್ರಿ, ಲೇಡೀಸ್ ಬೂಟೇ. ಭಾಳ ಆರಾಮ್ ಅವ," ಅಂತೀನಿ.