ಕರಾಚಿಯಿಂದ ಮುಂಬಯಿಗೆ ನಾಲ್ಕು ಗಂಟೆ

ದೇಶ ಎರಡಾದ ವರ್ಷ ನನ್ನ ಅಣ್ಣ ಕರಾಚಿಯ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಅಲ್ಲಿ ಗಲಾಟೆ ಜೋರಾದಾಗ ಅವನ ಧಣಿ ಹೇಗೋ ಒಂದು ಟಿಕೇಟು ಹೊಂದಿಸಿಕೊಟ್ಟರಂತೆ. ಮರುದಿನ ಬೆಳಿಗ್ಗೆ ಎಂಟಕ್ಕೆ ವಿಮಾನದಲ್ಲಿ ಮುಂಬಯಿಗೆ ಹೊರಡುತ್ತೇನೆ, ತಲುಪಿದ ಕೂಡಲೇ ತಿಳಿಸುತ್ತೇನೆ ಎಂದು ಕುದ್ರೋಳಿಯ ನಮ್ಮ ಮನೆಗೆ ತಂತಿ ಬಂತು.

ನಮ್ಮಲ್ಲಿ ಒಂದು ಕಟ್ಟಳೆ. ಮನೆಯವರು ದೂರಕ್ಕೆ ಹೊರಟರೆ ಅವರು ತಲುಪುವವರೆಗೆ ಅಂಗಳ ಗುಡಿಸಬಾರದು. ಗುಡಿಸಿದರೆ ಅವರ ದಾರಿಯನ್ನೇ ಗುಡಿಸಿ ಹಾಕಿದ ಹಾಗೆ. ಅಪ್ಪ ದಿನಾ ದೋಣಿಯಲ್ಲಿ ಮೀನಿಗೆ ಹೋಗುವವರು, ಅದಕ್ಕೆ ಈ ಕಟ್ಟಳೆ ಇರಲಿಲ್ಲ. ಇದ್ದಿದ್ದರೆ ನಮ್ಮ ಅಂಗಳ ಗೊಬ್ಬರಗುಂಡಿಯೇ ಆಗುತ್ತಿತ್ತು. ಕರಾಚಿಯ ಬಾಡಿಗೆ ಕೋಣೆಯಲ್ಲಿ ಅಣ್ಣನಿಗಾಗಿ ಕಸ ಗುಡಿಸದೆ ಕಾಯುವವರು ಯಾರಿದ್ದಾರೆ, ನಾವೇ ಕಾಯಬೇಕು ಎಂದರು ಅಪ್ಪ. ಹಡಗಿನಲ್ಲಾದರೆ ಎರಡು ದಿನದ ದಾರಿ, ಆದ್ದರಿಂದ ಅಪ್ಪನ ಲೆಕ್ಕದಲ್ಲಿ ಎರಡು ದಿನ ಹಿಡಿಸೂಡಿ ಮುಟ್ಟಬಾರದು.

ಆಗ ನನಗೆ ಹದಿಮೂರು ವರ್ಷ, ಮಹಾ ಅಧಿಕಪ್ರಸಂಗಿ. ಶಾಲೆಯ ಮೇಷ್ಟ್ರು ಭೂಪಟದ ಮೇಲೆ ನೂಲು ಹಿಡಿದು ಅಳೆದು, ಐನೂರು ಚಿಲ್ಲರೆ ಮೈಲಿ, ಹೆಚ್ಚೆಂದರೆ ನಾಲ್ಕು ಗಂಟೆ ಎಂದಿದ್ದರು. ಅದನ್ನೇ ಅಪ್ಪನಿಗೆ ಹೇಳಿದೆ.

"ಹಾರಿದ ಕೂಡಲೇ ದೂರ ಕಡಿಮೆ ಆಗ್ತದಾ ಮಾರಾಯ್ತಿ?" ಎಂದು ಅಪ್ಪ ದೋಣಿಯ ಕಡೆ ನಡೆದರು. ನನಗೆ ಮೈಯೆಲ್ಲ ಉರಿಯಿತು. ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ, ಮನೆಯಲ್ಲಿ ಯಾರೂ ಇಲ್ಲದಾಗ, ಇಡೀ ಅಂಗಳವನ್ನು ಒಂದು ತರಗೆಲೆಯೂ ಉಳಿಯದಂತೆ ಗುಡಿಸಿಬಿಟ್ಟೆ. ಅಣ್ಣ ಮುಂಬಯಿಯಲ್ಲಿ ಇಳಿದು ಚಹಾ ಕುಡಿಯುತ್ತಿದ್ದಾನೆ ಎಂದೇ ನನ್ನ ಲೆಕ್ಕ.

ಸಂಜೆಯಾದರೂ ತಂತಿ ಬರಲಿಲ್ಲ. ಅಪ್ಪ ಬಂದವರು ಅಂಗಳದಲ್ಲೇ ನಿಂತು, ಇದನ್ನು ಗುಡಿಸಿದ್ದು ಯಾರು ಎಂದು ಕೇಳಿದರು. ಅಮ್ಮ ಮೀನು ಕೊಯ್ಯುತ್ತಿದ್ದವಳು ತಲೆ ಎತ್ತಲಿಲ್ಲ.

"ನಾನು. ಮರೆತೇ ಹೋಯ್ತು," ಎಂದಳು ಅಮ್ಮ.

ಅಪ್ಪ ಆ ದಿನ ಊಟ ಮಾಡಲಿಲ್ಲ, ಅಮ್ಮನ ಜೊತೆ ಮಾತೂ ಆಡಲಿಲ್ಲ. ಮರುದಿನವೂ ತಂತಿ ಇಲ್ಲ. ಅತ್ತೆಯಂದಿರು ಬಂದು, ಹೆತ್ತವಳಾಗಿ ಇಷ್ಟು ಬೋಧ ಇಲ್ಲವಾ ಎಂದು ಅವಳ ಮುಖಕ್ಕೇ ಹೇಳಿ ಹೋದರು. ಅವಳು ಅವರಿಗೆ ವೀಳ್ಯದ ತಟ್ಟೆ ಕೊಟ್ಟಳು. ನಾನು ಬಾಯಿ ಬಿಡಲಿಲ್ಲ. ಅಣ್ಣನನ್ನು ನಾನೇ ಕೊಂದೆ ಎಂದು ಬಾವಿಕಟ್ಟೆಯ ಹಿಂದೆ ಕೂತು ಅತ್ತೆ, ಅಷ್ಟೇ. ನನ್ನಂಥ ಹೇಡಿ ಇನ್ನೊಬ್ಬಳಿರಲಿಲ್ಲ.

ಮೂರನೆಯ ದಿನ ತಂತಿ ಬಂತು. ಮೊದಲ ದಿನ ಜನ ಹೆಚ್ಚಾಗಿ ಅಣ್ಣನಿಗೆ ಜಾಗವೇ ಸಿಕ್ಕಿರಲಿಲ್ಲ. ಈಗ ಮುಂಬಯಿ ತಲುಪಿದ್ದಾನೆ, ಕ್ಷೇಮ. ನಾನು ಗುಡಿಸುವಾಗ ಅವನು ಇನ್ನೂ ಕರಾಚಿಯಲ್ಲೇ ಇದ್ದ! ಅಪ್ಪ ನಗುತ್ತಾ ಗಂಜಿ ಬಡಿಸಲು ಹೇಳಿದರು. ಅಮ್ಮ ಬಡಿಸಿ ಬಂದು ಹಿಂದಿನ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ನಾನು ಹತ್ತಿರ ಹೋಗಿ, ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ.

"ಅವನಿಗೆ ಎಂತದಾದ್ರೂ ಆಗಿದ್ರೆ ನಾನು ಹೇಗೂ ಸಾಯುವವರೆಗೆ ಅಳುವವಳೇ," ಎಂದಳು ಅಮ್ಮ. "ಜೊತೆಗೆ ನೀನೂ ಯಾಕೆ?"